ಲಕ್ಷ್ಯ ಮತ್ತು ಲಕ್ಷಣ: ವಿಜಯನಗರದ ಸಂಗೀತದಲ್ಲಿ ನಡೆದ ನಾದಪರಿವರ್ತನೆ

೧

ವಿಜಯನಗರ ಸಾಮ್ರಾಜ್ಯದ ಸಾಂಸ್ಕೃತಿಕ ಇತಿಹಾಸವನ್ನು ಬರೆದವರಲ್ಲಿ ಅನೇಕರು ‘ರಕ್ಷಣೆ’ ಎಂಬ ಒಂದು ಮಾತನ್ನೇ ಮುಂದಿಟ್ಟುಕೊಂಡು ಬರೆದಿದ್ದಾರೆ. ವೇದಭಾಷ್ಯಗಳ ರಚನೆ, ದೇವಾಲಯಗಳ ಜೀರ್ಣೋದ್ಧಾರ, ಮಠಗಳಿಗೂ ಅಗ್ರಹಾರಗಳಿಗೂ ಕೊಟ್ಟ ದತ್ತಿಗಳು, ಇವೆಲ್ಲವೂ ಪ್ರಾಚೀನವಾದುದನ್ನು ಕಾಪಾಡುವ ಕಾರ್ಯವೆಂದು ವರ್ಣಿತವಾಗಿವೆ. ಈ ಅಭಿಪ್ರಾಯದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಸಂಗೀತದ ವಿಷಯಕ್ಕೆ ಬಂದಾಗ ಈ ಒಂದು ಮಾತು ಸಾಲದು. ತುಂಗಭದ್ರೆಯ ದಡದ ಆ ರಾಜಧಾನಿಯಲ್ಲಿ ೧೬ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಕೇಳಿಬರುತ್ತಿದ್ದ ಸಂಗೀತವು ಶಾಸ್ತ್ರಗ್ರಂಥಗಳಲ್ಲಿ ಹೇಳಿದ ಸಂಗೀತವಾಗಿರಲಿಲ್ಲ. ಇದನ್ನು ಆ ಕಾಲದ ಶಾಸ್ತ್ರಕಾರನೇ ಬಹಿರಂಗವಾಗಿ ಒಪ್ಪಿಕೊಂಡು, ಹೊಸ ನಾದಕ್ಕೆ ತಕ್ಕಂತೆ ಶಾಸ್ತ್ರವನ್ನು ತಿದ್ದಲು ಕೈಹಾಕಿದನು. ಆ ಶಾಸ್ತ್ರಕಾರನು ರಾಮಾಮಾತ್ಯ. ಆ ಗ್ರಂಥವು ಶಕ ೧೪೭೨ನೆಯ ಸಾಧಾರಣ ಸಂವತ್ಸರದಲ್ಲಿ, ಎಂದರೆ ಕ್ರಿ. ಶ. ೧೫೫೦ರಲ್ಲಿ, ರಚಿತವಾದ ‘ಸ್ವರಮೇಳಕಲಾನಿಧಿ’.

ಬಹುಕಾಲದಿಂದ ನಡೆದುಬಂದ ಸಂಗೀತವೊಂದು ತನ್ನ ನಾದವನ್ನು ಬದಲಿಸಿಕೊಂಡಾಗ ಅದು ಹಳೆಯ ಸಂಗೀತವೇ ಹೌದೇ ಎಂಬ ಪ್ರಶ್ನೆ ಎಲ್ಲ ಕಾಲದಲ್ಲಿಯೂ ಏಳುತ್ತದೆ. ಯಂತ್ರಗಳ ಸದ್ದನ್ನೇ ವಾದ್ಯವಾಗಿಸಿಕೊಂಡ ಪಾಶ್ಚಾತ್ಯ ‘ಇಂಡಸ್ಟ್ರಿಯಲ್ ರಾಕ್’ ಮೇಳಗಳಲ್ಲಿ ಹಳಬರಾದ ಒಂದು ಮೇಳದವರು ಹೊಸ ಧ್ವನಿಮುದ್ರಿಕೆಯಲ್ಲಿ ಬೇರೆ ಬಗೆಯ ನಾದವನ್ನು ಕೇಳಿಸಿದರೆ, ಅವರ ರಸಿಕರು ಇಂದಿಗೂ ಇದೇ ಪ್ರಶ್ನೆಯನ್ನು ಹಾಕುತ್ತಾರೆ. ಅಲ್ಲಿ ಹಳೆಯ ಮುದ್ರಿಕೆಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಬಹುದು. ವಿಜಯನಗರದ ಸಂಗೀತಕ್ಕೆ ಆ ಸೌಕರ್ಯವಿಲ್ಲ. ಗ್ರಂಥಗಳನ್ನು ಓದಿಯೇ ನಾದವನ್ನು ಊಹಿಸಬೇಕು. ಯಾವ ಆಧಾರದಿಂದ ಎಷ್ಟು ಊಹಿಸಬಹುದು, ಹಾಗೆ ಊಹಿಸಿದಾಗ ವಿಜಯನಗರದ ‘ರಕ್ಷಣೆ’ಯ ಕಥೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮಾರ್ಪಾಡನ್ನು ತಿಳಿಯಬೇಕಾದರೆ ಮೊದಲು ಹಳೆಯ ವ್ಯವಸ್ಥೆ ಏನೆಂಬುದನ್ನು ಸ್ಥೂಲವಾಗಿ ತಿಳಿಯಬೇಕು. ೧೩ನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ಬರೆದನು. ಮುಂದಿನ ಶತಮಾನಗಳ ಸಂಗೀತಶಾಸ್ತ್ರಕ್ಕೆಲ್ಲ ಇದೇ ಆಕರಗ್ರಂಥ. ಇದರ ಪ್ರಕಾರ ಒಂದು ಸ್ಥಾಯಿಯಲ್ಲಿ ೨೨ ಶ್ರುತಿಗಳು. ಷಡ್ಜಗ್ರಾಮದಲ್ಲಿ ಇವು ಸ-ರಿ-ಗ-ಮ-ಪ-ಧ-ನಿ ಎಂಬ ಏಳು ಸ್ವರಗಳಿಗೆ ಕ್ರಮವಾಗಿ ೪, ೩, ೨, ೪, ೪, ೩, ೨ ಎಂದು ಹಂಚಿಹೋಗುತ್ತವೆ. ಪಂಚಮವನ್ನು ಒಂದು ಶ್ರುತಿಯಷ್ಟು ಇಳಿಸಿದರೆ ಮಧ್ಯಮಗ್ರಾಮವಾಗುತ್ತದೆ. ಒಂದೊಂದು ಗ್ರಾಮದಲ್ಲಿಯೂ ಬೇರೆ ಬೇರೆ ಸ್ವರಗಳಿಂದ ಆರಂಭಿಸಿದರೆ ಮೂರ್ಛನೆಗಳು ದೊರೆಯುತ್ತವೆ. ಶುದ್ಧಸ್ವರಗಳು ೭, ವಿಕೃತಸ್ವರಗಳು ೧೨ ಎಂದು ಶಾರ್ಙ್ಗದೇವನ ಗಣನೆ.

ಈ ವ್ಯವಸ್ಥೆಯು ಒಂದು ಬಗೆಯ ವಾದ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದುದು. ಪ್ರಾಚೀನ ವೀಣೆಗಳಲ್ಲಿ ಒಂದು ತಂತಿಗೆ ಒಂದು ಸ್ವರ. ತಂತಿಯನ್ನು ಬಿಗಿಮಾಡಿ ಅಥವಾ ಸಡಿಲಿಸಿ ಸ್ವರವನ್ನು ಹೊಂದಿಸಬೇಕು. ಅಂತಹ ವಾದ್ಯದಲ್ಲಿ ಪಂಚಮವನ್ನು ಒಂದು ಶ್ರುತಿಯಷ್ಟು ಇಳಿಸುವುದೂ ಯಾವುದಾದರೊಂದು ಸ್ವರದಿಂದ ಮೂರ್ಛನೆಯನ್ನು ಆರಂಭಿಸುವುದೂ ಸಹಜವಾದ ಕ್ರಿಯೆಗಳು. ೨೨ ಶ್ರುತಿಗಳನ್ನು ಸಾಧಿಸಿ ತೋರಿಸಲು ಶಾರ್ಙ್ಗದೇವನು ಹೇಳುವ ಎರಡು ವೀಣೆಗಳಿಗೂ ೨೨ ತಂತಿಗಳೇ ಇವೆ. ಕಿನ್ನರಿಯಂತಹ ಮೆಟ್ಟಿಲುಳ್ಳ ವೀಣೆಗಳು ಅವನ ಕಾಲಕ್ಕಾಗಲೇ ಬಳಕೆಯಲ್ಲಿದ್ದು ಅವನ ಗ್ರಂಥದಲ್ಲಿಯೇ ವರ್ಣಿತವಾಗಿವೆ; ಆದರೂ ಸ್ವರಶಾಸ್ತ್ರದ ತಳಹದಿ ಮಾತ್ರ ಹಳೆಯ ವೀಣೆಯದಾಗಿಯೇ ಉಳಿಯಿತು. ವಾದ್ಯ ಮುಂದೆ ಸಾಗಿತು, ಶಾಸ್ತ್ರ ಹಿಂದೆ ಉಳಿಯಿತು ಎಂದು ಹೇಳಿದರೆ ತಪ್ಪಾಗಲಾರದು.

೩

ಈ ಅಂತರವು ವಿಜಯನಗರದ ಪಂಡಿತರ ಗಮನಕ್ಕೆ ಬಾರದೆ ಇರಲಿಲ್ಲ. ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ಸಂಗೀತಸಾರ’ವು ಈಗ ಲುಪ್ತವಾಗಿದೆ. ಅದರಲ್ಲಿ ೧೫ ಮೇಳಗಳೂ ೫೦ ರಾಗಗಳೂ ಉಕ್ತವಾಗಿದ್ದುವೆಂಬುದು ೧೭ನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ರಚಿತವಾದ ‘ಸಂಗೀತಸುಧಾ’ ಎಂಬ ಗ್ರಂಥದಿಂದ ತಿಳಿದುಬರುತ್ತದೆ. ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಹಾಗಿದ್ದರೂ ಗ್ರಾಮ-ಮೂರ್ಛನೆಗಳ ಬದಲು ಮೇಳಗಳ ಮೂಲಕ ರಾಗಗಳನ್ನು ವಿಂಗಡಿಸುವ ಪದ್ಧತಿ ಈ ಪರಂಪರೆಯಲ್ಲಿ ಮೊದಲಾಯಿತೆಂಬುದು ಗಮನಾರ್ಹ.

೧೫ನೆಯ ಶತಮಾನದಲ್ಲಿ ಇಮ್ಮಡಿ ದೇವರಾಯನ ಆಶ್ರಯದಲ್ಲಿ ಚತುರ ಕಲ್ಲಿನಾಥನು ಸಂಗೀತರತ್ನಾಕರಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನವನ್ನು ಬರೆದನು. ಈತನು ತನ್ನ ಕಿವಿಗೆ ಬೀಳುತ್ತಿದ್ದ ದೇಶೀರಾಗಗಳು ಮೂಲಗ್ರಂಥದ ಲಕ್ಷಣಗಳಿಗೆ ಹೊಂದುವುದಿಲ್ಲವೆಂಬುದನ್ನು ಮರೆಮಾಚಲಿಲ್ಲ. ದೇಶೀ ಸಂಗೀತವು ಜನರ ರುಚಿಯನ್ನು ಅನುಸರಿಸುವುದಾದ್ದರಿಂದ ಅದಕ್ಕೆ ಕಟ್ಟುನಿಟ್ಟಾದ ನಿಯಮವಿಲ್ಲವೆಂದು ಸಮಾಧಾನ ಹೇಳಿದನು. ಇದು ವ್ಯಾಖ್ಯಾನಕಾರನಿಗೆ ತಕ್ಕ ಉಪಾಯ. ಮೂಲವನ್ನು ಮುಟ್ಟದೆ, ಬಳಕೆಯನ್ನೂ ತಳ್ಳಿಹಾಕದೆ, ಎರಡನ್ನೂ ಅವವುಗಳ ಸ್ಥಾನದಲ್ಲಿಯೇ ಇರಿಸಿದಂತಾಯಿತು. ಆದರೆ ಇದರಿಂದ ಸಮಸ್ಯೆ ಪರಿಹಾರವಾಗಲಿಲ್ಲ. ಮುಂದಕ್ಕೆ ಹೋಯಿತು ಅಷ್ಟೆ. ಆಸ್ಥಾನದಲ್ಲಿ ಪ್ರತಿದಿನವೂ ನುಡಿಸುವ ರಾಗಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲವೆಂದರೆ, ಶಿಷ್ಯನಿಗೆ ಕಲಿಸುವ ಗುರುವು ಗ್ರಂಥವನ್ನು ನಂಬಬೇಕೆ, ಕೈಯನ್ನು ನಂಬಬೇಕೆ?

೧೬ನೆಯ ಶತಮಾನದಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗಲು ಕಾರಣವಿತ್ತು. ರಾಜಸಭೆಯಲ್ಲಿ ವೀಣೆಗೆ ಪ್ರಾಶಸ್ತ್ಯ ಹೆಚ್ಚಿತು. ಶ್ರೀ ರಾಘವೇಂದ್ರತೀರ್ಥರ ಪೂರ್ವಿಕರಾದ ಕೃಷ್ಣಭಟ್ಟರು ಕೃಷ್ಣದೇವರಾಯನಿಗೆ ವೀಣೆಯನ್ನು ಕಲಿಸಿದರೆಂದು ‘ರಾಘವೇಂದ್ರವಿಜಯ’ವು ಹೇಳುತ್ತದೆ. ಅದೇ ದೊರೆಯ ಆಶ್ರಯದಲ್ಲಿ ಲಕ್ಷ್ಮೀನಾರಾಯಣನು ‘ಸಂಗೀತಸೂರ್ಯೋದಯ’ವನ್ನು ಬರೆದನು. ೧೫೨೯ರಿಂದ ೧೫೪೨ರವರೆಗೆ ಆಳಿದ ಅಚ್ಯುತರಾಯನ ಹೆಸರನ್ನು ಒಂದು ಬಗೆಯ ವೀಣೆಗೇ ಇಡಲಾಯಿತು. ಅದು ‘ಅಚ್ಯುತರಾಜೇಂದ್ರಮೇಳ ವೀಣೆ’. ಕೆರೆಗೆ, ಪುರಕ್ಕೆ, ದೇವಾಲಯಕ್ಕೆ ದೊರೆಯ ಹೆಸರಿಡುವುದು ನಮಗೆ ಪರಿಚಿತವಾದ ಸಂಗತಿ. ವಾದ್ಯದ ಶ್ರುತಿವ್ಯವಸ್ಥೆಗೆ ದೊರೆಯ ಹೆಸರು ಬಂದಿತೆಂದರೆ, ಅರಮನೆಯು ವಾದ್ಯದ ರಚನೆಯನ್ನು ಎಷ್ಟು ಮಹತ್ತ್ವದ ಕಾರ್ಯವೆಂದು ಭಾವಿಸಿತ್ತೆಂಬುದು ವ್ಯಕ್ತವಾಗುತ್ತದೆ.

೪

ಸ್ವರಮೇಳಕಲಾನಿಧಿಯಲ್ಲಿ ಉಪೋದ್ಘಾತ, ಸ್ವರ, ವೀಣಾ, ಮೇಳ, ರಾಗ ಎಂಬ ಐದು ಪ್ರಕರಣಗಳಿವೆ. ಗ್ರಂಥದ ಹುಟ್ಟನ್ನು ಕವಿಯೇ ಉಪೋದ್ಘಾತದಲ್ಲಿ ತಿಳಿಸುತ್ತಾನೆ. ಸದಾಶಿವರಾಯನು ಸಿಂಹಾಸನದಲ್ಲಿದ್ದು, ಅಧಿಕಾರವೆಲ್ಲ ಅಳಿಯ ರಾಮರಾಯನ ಕೈಯಲ್ಲಿದ್ದ ಕಾಲ ಅದು. ‘ರತ್ನಕೂಟ’ವೆಂಬ ಅರಮನೆಯಲ್ಲಿ ವಿದ್ವದ್ಗೋಷ್ಠಿ ನಡೆಯುತ್ತಿರುವಾಗ ರಾಮರಾಯನ ತಮ್ಮನಾದ ವೆಂಕಟಾದ್ರಿಯು ಸಂಗೀತದಲ್ಲಿ ಲಕ್ಷ್ಯಕ್ಕೂ ಲಕ್ಷಣಕ್ಕೂ ವಿರೋಧ ಬಂದಿರುವುದನ್ನು ಎತ್ತಿ ಹೇಳಿ, ಅದನ್ನು ಪರಿಹರಿಸುವ ಗ್ರಂಥವನ್ನು ರಾಮಾಮಾತ್ಯನಿಂದ ಬರೆಯಿಸಬೇಕೆಂದು ಸೂಚಿಸಿದನು. ಇಲ್ಲಿ ಲಕ್ಷ್ಯವೆಂದರೆ ಬಳಕೆಯಲ್ಲಿರುವ ಸಂಗೀತ. ಲಕ್ಷಣವೆಂದರೆ ಶಾಸ್ತ್ರವು ಅದಕ್ಕೆ ಹೇಳುವ ನಿಯಮ. ಶಾಸ್ತ್ರವೂ ಬಳಕೆಯೂ ಬೇರೆಯಾಗಿವೆ ಎಂಬ ದೂರು ರಾಜಸಭೆಯಲ್ಲಿಯೇ ಹುಟ್ಟಿತೆಂಬುದನ್ನು ಓದುಗರು ಗಮನಿಸಬೇಕು.

ರಾಮಾಮಾತ್ಯನು ತಿಮ್ಮಾಮಾತ್ಯನ ಮಗ. ಕಲ್ಲಿನಾಥನ ವಂಶಕ್ಕೆ ಸೇರಿದವನೆಂದು ಸಂಗೀತೇತಿಹಾಸಕಾರರು ಸಾಮಾನ್ಯವಾಗಿ ಒಪ್ಪಿದ್ದಾರೆ. ಗ್ರಂಥದ ಹೆಸರಿನಲ್ಲಿಯೂ ‘ಕಲಾನಿಧಿ’ ಎಂಬುದು ಉಳಿದಿದೆ. ಹೀಗೆ, ರತ್ನಾಕರಕ್ಕೆ ವ್ಯಾಖ್ಯಾನ ಬರೆದ ಮನೆತನದಲ್ಲಿಯೇ ರತ್ನಾಕರದ ವ್ಯವಸ್ಥೆಯನ್ನು ಬದಲಿಸುವ ಗ್ರಂಥವೂ ಹುಟ್ಟಿತು. ಸಂಪ್ರದಾಯವನ್ನು ಅರಿಯದವನೊಬ್ಬನು ಹೊರಗಿನಿಂದ ಬಂದು ಮಾಡಿದ ಮಾರ್ಪಾಡು ಇದಲ್ಲ. ಸಂಪ್ರದಾಯದ ಒಳಗೇ ನಿಂತವನು, ಅದರ ಮಾತುಗಳನ್ನೇ ಬಳಸಿ, ಅದನ್ನು ಮುಂದಕ್ಕೆ ಸಾಗಿಸಿದನು.

ಅವನು ಮಾಡಿದ ಮುಖ್ಯ ಮಾರ್ಪಾಡುಗಳು ಮೂರು. ಮೊದಲನೆಯದಾಗಿ, ೧೨ ವಿಕೃತಸ್ವರಗಳಲ್ಲಿ ಐದು ನಾದದಲ್ಲಿ ಬೇರೆಯಾಗಿ ಕೇಳಿಸುವುದಿಲ್ಲವಾದ್ದರಿಂದ ಅವನ್ನು ಬಿಟ್ಟು ೭ನ್ನು ಮಾತ್ರ ಉಳಿಸಿಕೊಂಡನು. ಶುದ್ಧ ೭, ವಿಕೃತ ೭, ಒಟ್ಟು ೧೪ ಸ್ವರಗಳಾದುವು. ಎರಡನೆಯದಾಗಿ, ಗ್ರಾಮ-ಮೂರ್ಛನೆಗಳಿಂದ ರಾಗಗಳನ್ನು ನಿರೂಪಿಸುವುದನ್ನು ಕೈಬಿಟ್ಟು, ಮುಖಾರಿ, ಮಾಳವಗೌಳ, ಶ್ರೀರಾಗ, ಹಿಂದೋಳ, ಕನ್ನಡಗೌಳ, ಕೇದಾರಗೌಳ, ಕಾಂಬೋಜಿ ಮೊದಲಾದ ೨೦ ಮೇಳಗಳಲ್ಲಿ ರಾಗಗಳನ್ನು ವಿಂಗಡಿಸಿದನು. ಮೂರನೆಯದಾಗಿ, ಇವೆಲ್ಲಕ್ಕೂ ವೀಣೆಯನ್ನೇ ಪ್ರಮಾಣವಾಗಿ ನಿಲ್ಲಿಸಿದನು. ಗ್ರಂಥದ ನಡುವೆ ವೀಣೆಗಾಗಿಯೇ ಒಂದು ಪ್ರಕರಣವಿರುವುದು ಆಕಸ್ಮಿಕವಲ್ಲ; ಮೊದಲೆರಡು ಮಾರ್ಪಾಡುಗಳಿಗೆ ಮೂಲ ಅಲ್ಲಿದೆ.

೫

ರಾಮಾಮಾತ್ಯನ ಶುದ್ಧಮೇಳ ವೀಣೆಯಲ್ಲಿ ನುಡಿಸುವ ತಂತಿಗಳು ನಾಲ್ಕು. ಅವುಗಳ ಶ್ರುತಿ ಅನುಮಂದ್ರ ಷಡ್ಜ, ಅನುಮಂದ್ರ ಪಂಚಮ, ಮಂದ್ರ ಷಡ್ಜ, ಮಂದ್ರ ಮಧ್ಯಮ. ಪಕ್ಕದಲ್ಲಿ ಶ್ರುತಿಗಾಗಿ ಮೂರು ತಂತಿಗಳು. ದಂಡಿಯ ಮೇಲೆ ಮೊದಲು ಆರು ಮೆಟ್ಟಿಲುಗಳನ್ನು ಇಡುವ ಕ್ರಮವನ್ನು ಅವನು ಹೇಳುತ್ತಾನೆ. ಷಡ್ಜದ ತಂತಿಯಲ್ಲಿ ಈ ಆರು ಮೆಟ್ಟಿಲುಗಳು ಕ್ರಮವಾಗಿ ಶುದ್ಧ ರಿಷಭ, ಶುದ್ಧ ಗಾಂಧಾರ, ಸಾಧಾರಣ ಗಾಂಧಾರ, ಚ್ಯುತಮಧ್ಯಮ ಗಾಂಧಾರ, ಶುದ್ಧ ಮಧ್ಯಮ, ಚ್ಯುತಪಂಚಮ ಮಧ್ಯಮ ಎಂಬ ಸ್ವರಗಳನ್ನು ಕೊಡುತ್ತವೆ. ಮೆಟ್ಟಿಲು ನಾಲ್ಕು ತಂತಿಗಳಿಗೂ ಅಡ್ಡಲಾಗಿ ನೇರವಾಗಿರುವುದರಿಂದ, ಷಡ್ಜದ ತಂತಿಗಾಗಿ ಇಟ್ಟ ಮೆಟ್ಟಿಲೇ ಪಂಚಮದ ತಂತಿಗೂ ಮಧ್ಯಮದ ತಂತಿಗೂ ಸ್ವರವನ್ನು ನಿರ್ಣಯಿಸಿಬಿಡುತ್ತದೆ. ಮಧ್ಯಮದ ತಂತಿಯಲ್ಲಿ ಅವೇ ಆರು ಮೆಟ್ಟಿಲುಗಳು ಚ್ಯುತಪಂಚಮ ಮಧ್ಯಮದಿಂದ ಚ್ಯುತಷಡ್ಜ ನಿಷಾದದವರೆಗಿನ ಸ್ವರಗಳನ್ನು ಕೊಡುತ್ತವೆ. ಲೆಕ್ಕಹಾಕಿ ನೋಡಿದರೆ ಒಂದು ಸ್ಥಾಯಿಗೆ ೧೨ ಸ್ವರಸ್ಥಾನಗಳು ದೊರೆಯುತ್ತವೆ.

ಹೆಸರಿಗೆ ೧೪, ಮೆಟ್ಟಿಲಿಗೆ ೧೨. ಉಳಿದ ಎರಡು ಅಂತರ ಗಾಂಧಾರ ಮತ್ತು ಕಾಕಲಿ ನಿಷಾದ. ಇವಕ್ಕೆ ಪ್ರತ್ಯೇಕ ಮೆಟ್ಟಿಲುಗಳನ್ನಿಟ್ಟರೆ ಮೆಟ್ಟಿಲುಗಳು ಒತ್ತೊತ್ತಾಗಿ ನಾದವು ಕೆಡುತ್ತದೆ. ಆದುದರಿಂದ ಅಂತರಕ್ಕೆ ಚ್ಯುತಮಧ್ಯಮ ಗಾಂಧಾರವೂ ಕಾಕಲಿಗೆ ಚ್ಯುತಷಡ್ಜ ನಿಷಾದವೂ ಪ್ರತಿನಿಧಿಗಳಾಗಬಹುದೆಂದು ಅವನು ವಿಧಿಸಿದನು. ಹೀಗೆ ಒಪ್ಪಿದರೆ ೨೦ ಮೇಳಗಳು ೧೫ ಆಗುತ್ತವೆ. ನನ್ನ ಅಭಿಪ್ರಾಯದಲ್ಲಿ ಇಡೀ ಗ್ರಂಥದ ಐತಿಹಾಸಿಕ ಮಹತ್ತ್ವವು ಈ ಒಂದು ವಿಧಿಯಲ್ಲಿ ಅಡಗಿದೆ. ಶಾಸ್ತ್ರವು ಹೇಳುವ ಎರಡು ಸ್ವರಗಳನ್ನು ಬೆರಳ ಕೆಳಗಿನ ಲೋಹದ ಕಾರಣಕ್ಕಾಗಿ, ಕಿವಿಯ ಸುಖದ ಕಾರಣಕ್ಕಾಗಿ ಬಿಟ್ಟುಕೊಡಲು ಶಾಸ್ತ್ರಕಾರನೇ ಅನುಮತಿ ಕೊಟ್ಟನು. ಒಂದೊಂದು ರಾಗಕ್ಕೆ ಮೆಟ್ಟಿಲುಗಳನ್ನು ಹೊಂದಿಸುವ ‘ಏಕರಾಗಮೇಳ’ ವೀಣೆಗೂ ಎಲ್ಲ ರಾಗಗಳಿಗೂ ಒಂದೇ ಬಗೆಯಾಗಿ ಮೆಟ್ಟಿಲುಗಳನ್ನು ನಿಲ್ಲಿಸುವ ‘ಸರ್ವರಾಗಮೇಳ’ ವೀಣೆಗೂ ಅವನು ಭೇದವನ್ನು ಹೇಳಿರುವುದೂ ಇದೇ ದಾರಿಯನ್ನು ತೋರಿಸುತ್ತದೆ. ನಿಂತ ಮೆಟ್ಟಿಲುಗಳ ವಾದ್ಯದಲ್ಲಿ ಷಡ್ಜವು ಕದಲುವುದಿಲ್ಲ. ಷಡ್ಜವು ಕದಲದಿದ್ದರೆ ಮೂರ್ಛನೆಗೆ ಕೆಲಸವಿಲ್ಲ. ಪಂಚಮವು ಕದಲದಿದ್ದರೆ ಮಧ್ಯಮಗ್ರಾಮಕ್ಕೆ ಸ್ಥಳವಿಲ್ಲ.

ಇದು ನಮ್ಮ ದೇಶಕ್ಕೆ ಮಾತ್ರ ವಿಶಿಷ್ಟವಾದ ಘಟನೆಯಲ್ಲ. ಖಗೋಳವಿಜ್ಞಾನಿ ಗೆಲಿಲಿಯೊನ ತಂದೆಯಾದ ವಿನ್ಚೆನ್ಸೊ ಗೆಲಿಲಿಯು ೧೫೮೧ರಲ್ಲಿ ಇಟಲಿಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ‘ಲ್ಯೂಟ್’ ಎಂಬ ವಾದ್ಯದ ಮೆಟ್ಟಿಲುಗಳನ್ನು ೧೮ಕ್ಕೆ ೧೭ರ ಪ್ರಮಾಣದಲ್ಲಿ ಇಡುವ ಕ್ರಮವನ್ನು ಹೇಳಿದ್ದಾನೆ. ಅಲ್ಲಿಯೂ ಮೆಟ್ಟಿಲುಳ್ಳ ವಾದ್ಯವು ಹಳೆಯ ಸ್ವರಗಣಿತವನ್ನು ಪ್ರಶ್ನಿಸಿತು. ಒಂದರಿಂದ ಮತ್ತೊಂದಕ್ಕೆ ಪ್ರಭಾವವನ್ನು ಕಲ್ಪಿಸಬೇಕಾಗಿಲ್ಲ. ಒಂದೇ ಬಗೆಯ ವಾದ್ಯವು ಎರಡು ಕಡೆಗಳಲ್ಲಿ ಒಂದೇ ಬಗೆಯ ಪ್ರಶ್ನೆಯನ್ನು ಎಬ್ಬಿಸಿತೆಂದು ತಿಳಿದರೆ ಸಾಕು.

ರಾಮಾಮಾತ್ಯನಲ್ಲಿ ಕುಂದಿಲ್ಲವೆಂದಲ್ಲ. ೧೨ ಸ್ಥಾನಗಳ ವಾದ್ಯವನ್ನು ಕೈಯಲ್ಲಿ ಹಿಡಿದೂ ಅವನು ೨೨ ಶ್ರುತಿಗಳ ಪರಿಭಾಷೆಯನ್ನು ಬಿಡಲಿಲ್ಲ. ‘ಚ್ಯುತ’, ಎಂದರೆ ಸ್ಥಾನದಿಂದ ಜಾರಿದ, ಎಂಬ ವಿಶೇಷಣವೇ ಇದಕ್ಕೆ ಸಾಕ್ಷಿ. ಹೊಸ ಸ್ವರವನ್ನು ಹಳೆಯ ಸ್ವರದ ಜಾರುವಿಕೆಯೆಂದು ಹೆಸರಿಸಿದುದರಿಂದ, ಮಾರ್ಪಾಡು ಮಾರ್ಪಾಡಾಗಿ ಕಾಣದೆ ಹಳೆಯದರ ವಿಸ್ತಾರವಾಗಿ ಕಂಡಿತು. ರಾಗಗಳನ್ನು ಉತ್ತಮ, ಮಧ್ಯಮ, ಅಧಮವೆಂದು ಮೂರು ವರ್ಗಮಾಡಿದುದರಲ್ಲಿ ಆಸ್ಥಾನದ ಅಭಿರುಚಿಯ ಮುದ್ರೆ ಸ್ಪಷ್ಟವಾಗಿದೆ. ಬಳಕೆಯೇ ಪ್ರಮಾಣವೆಂದವನು ಎಲ್ಲರ ಬಳಕೆಯನ್ನೂ ಸಮನಾಗಿ ಕಾಣಲಿಲ್ಲ.

೬

ವಿಜಯನಗರದ ನಾದವನ್ನು ಕೇಳಬೇಕೆನ್ನುವವರು ಹಂಪಿಯ ವಿಠ್ಠಲ ದೇವಾಲಯದ ‘ಸಂಗೀತಸ್ತಂಭ’ಗಳನ್ನು ನೆನೆಯುವುದು ವಾಡಿಕೆ. ಹೊಸಪೇಟೆ, ಕಂಪ್ಲಿ, ಸಂಡೂರು ಮೊದಲಾದ ಊರುಗಳಿಂದ ಬರುವ ವಿದ್ಯಾರ್ಥಿಗಳಿಗೆ ಮಾರ್ಗದರ್ಶಿಗಳು ಹೇಳುವ ಮೊದಲ ಸಂಗತಿಯೂ ಅದೇ. ೧೫೫೪ರಲ್ಲಿ ಉದಯಗಿರಿಯ ತಿಮ್ಮರಾಜನು ಕಟ್ಟಿಸಿದನೆಂದು ಶಾಸನೋಕ್ತವಾದ ಉಯ್ಯಾಲೆ ಮಂಟಪವೇ ದೇವಾಲಯದ ಮುಂದಿನ ಈ ಮಹಾಮಂಟಪವೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಾಗಾದರೆ ರಾಮಾಮಾತ್ಯನ ಗ್ರಂಥಕ್ಕೂ ಈ ಮಂಟಪಕ್ಕೂ ನಡುವೆ ಇರುವುದು ನಾಲ್ಕೇ ವರ್ಷ. ಎರಡೂ ಒಂದೇ ಕಾಲದ, ಒಂದೇ ನಗರದ ಸೃಷ್ಟಿ.

ಆದರೆ ಆಧಾರಗಳಾಗಿ ಇವೆರಡೂ ಸಮಾನವಲ್ಲ. ಕಲ್ಪಾಕ್ಕಂನ ಅಣುಸಂಶೋಧನ ಕೇಂದ್ರದ ವಿಜ್ಞಾನಿಗಳು ಈ ಕಂಬಗಳನ್ನು ಪರೀಕ್ಷಿಸಿ ೨೦೦೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಂಬಗಳು ಪೊಳ್ಳಲ್ಲ, ಗಟ್ಟಿಯಾದ ಕಲ್ಲೇ. ತಟ್ಟಿದಾಗ ಅವು ಬಾಗಿ ಕಂಪಿಸುವುದರಿಂದ ನಾದ ಹುಟ್ಟುತ್ತದೆ ಎಂಬುದು ಅವರ ನಿರ್ಣಯ. ಶಿಲ್ಪಿಗಳ ಕೌಶಲಕ್ಕೆ ಇದು ದೊಡ್ಡ ನಿದರ್ಶನವೇ ಸರಿ. ಆದರೂ ಕಂಬದ ನಾದವು ಯಾವ ರಾಗವನ್ನು ಹೇಗೆ ಹಾಡುತ್ತಿದ್ದರೆಂಬುದನ್ನು ಹೇಳಲಾರದು. ಒಂದು ಮೆಟ್ಟಿಲನ್ನು ಏಕೆ ಬಿಡಲಾಯಿತು, ಒಂದು ಸ್ವರಕ್ಕೆ ಬದಲಾಗಿ ಇನ್ನೊಂದನ್ನು ಏಕೆ ಒಪ್ಪಲಾಯಿತು ಎಂಬ ವಿವೇಚನೆ ಗ್ರಂಥದಲ್ಲಿದೆ, ಕಲ್ಲಿನಲ್ಲಿ ಇರಲಾರದು. ಈಗ ಕಂಬಗಳ ರಕ್ಷಣೆಗಾಗಿ ಅವನ್ನು ತಟ್ಟುವುದನ್ನೇ ನಿಷೇಧಿಸಲಾಗಿದೆ.

ಕಲ್ಲು ಕಲೆಯನ್ನು ನಿಲ್ಲಿಸಬಲ್ಲದೆಂಬುದಕ್ಕೆ ಆ ಕಾಲದಲ್ಲಿಯೇ ಒಂದು ಉದಾಹರಣೆ ದೊರೆಯುತ್ತದೆ. ೧೫೨೦ರ ಸುಮಾರಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅರಮನೆಯ ಸ್ತ್ರೀಯರು ನೃತ್ಯವನ್ನು ಕಲಿಯುವ ಶಾಲೆಯೊಂದನ್ನು ವರ್ಣಿಸಿದ್ದಾನೆ. ಅಲ್ಲಿನ ಶಿಲ್ಪಗಳಲ್ಲಿ ನೃತ್ಯದ ಕೊನೆಯ ಭಂಗಿಗಳನ್ನು ಕೆತ್ತಿದ್ದರಂತೆ; ಮರೆತವಳು ಅವನ್ನು ನೋಡಿ ನೆನಪುಮಾಡಿಕೊಳ್ಳಬಹುದಾಗಿತ್ತು. ನೃತ್ಯದ ಭಂಗಿಗೆ ಈ ರೀತಿಯ ರಕ್ಷಣೆ ಸಾಧ್ಯ. ನಾದಕ್ಕೆ ಅದು ಸಾಧ್ಯವಿಲ್ಲ; ನುಡಿಸುವ ಕೈ ಬದಲಾದಂತೆ ನಾದವೂ ಬದಲಾಗುತ್ತದೆ. ಅದರೊಡನೆ ಶಾಸ್ತ್ರವೂ ನಡೆಯಬೇಕೆಂಬುದೇ ರಾಮಾಮಾತ್ಯನ ನಿಲುವು.

೭

೧೫೬೫ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧವು ನಡೆಯಿತು. ಗ್ರಂಥವನ್ನು ಬರೆಯಿಸಿದ ರಾಮರಾಯನು ರಣರಂಗದಲ್ಲಿ ಮಡಿದನು, ರಾಜಧಾನಿ ಹಾಳಾಯಿತು. ಗ್ರಂಥರಚನೆಯಾಗಿ ಆಗ ಹದಿನೈದು ವರ್ಷಗಳು ಮಾತ್ರ ಕಳೆದಿದ್ದುವು. ರತ್ನಕೂಟದ ಗೋಷ್ಠಿಯೂ ಅಲ್ಲಿನ ವೀಣೆಗಳೂ ಉಳಿಯಲಿಲ್ಲ. ಆದರೆ ಆ ನಾದವ್ಯವಸ್ಥೆ ಉಳಿಯಿತು.

ಅದು ಎರಡು ದಿಕ್ಕಿಗೆ ಹರಡಿತು. ಶಿವಗಂಗೆಯ ಬಳಿಯ ಸಾತನೂರಿನವನಾದ ಪುಂಡರೀಕ ವಿಠ್ಠಲನು ಉತ್ತರಕ್ಕೆ ಹೋಗಿ, ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ವನ್ನು ಬರೆದನು. ಅದರಲ್ಲಿನ ವೀಣೆಯ ವ್ಯವಸ್ಥೆಯು ರಾಮಾಮಾತ್ಯನ ದಾರಿಯದೇ. ದಕ್ಷಿಣದಲ್ಲಿ, ತಂಜಾವೂರಿನ ನಾಯಕರ ಆಸ್ಥಾನದಲ್ಲಿ ಕನ್ನಡ ಮನೆತನದ ಗೋವಿಂದ ದೀಕ್ಷಿತನ ಮಗ ವೆಂಕಟಮಖಿಯು ೧೭ನೆಯ ಶತಮಾನದ ಮಧ್ಯಭಾಗದಲ್ಲಿ ‘ಚತುರ್ದಂಡಿಪ್ರಕಾಶಿಕೆ’ಯನ್ನು ಬರೆದು ೭೨ ಮೇಳಗಳನ್ನು ಪ್ರಸ್ತಾರಮಾಡಿದನು. ಈತನು ರಾಮಾಮಾತ್ಯನನ್ನು ಬಹಳ ಕಟುವಾಗಿ ಖಂಡಿಸಿದ್ದಾನೆ. ಆದರೆ ಅವನ ೭೨ ಮೇಳಗಳ ಗಣಿತವು ನಿಂತಿರುವುದು ೧೨ ಸ್ವರಸ್ಥಾನಗಳ ಮೇಲೆ. ಆ ೧೨ ಸ್ಥಾನಗಳು ಹಂಪಿಯ ವೀಣೆಯ ಮೆಟ್ಟಿಲುಗಳ ಮೇಲೆ ಆಗಲೇ ಇದ್ದುವು. ಖಂಡಿಸಿದವನೂ ಅದೇ ನೆಲದ ಮೇಲೆ ನಿಂತೇ ಖಂಡಿಸಿದನು.

ನಾದದಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ರಾಮಾಮಾತ್ಯನ ಶುದ್ಧಮೇಳವಾದ ಮುಖಾರಿಯು ಇಂದಿನ ಕನಕಾಂಗಿ ಮೇಳದ ಸ್ವರಗಳಿಗೆ ಹೊಂದುತ್ತದೆ. ಇಂದು ಮುಖಾರಿಯೆಂದು ಹಾಡುವ ರಾಗವಾದರೋ ಖರಹರಪ್ರಿಯ ಮೇಳಕ್ಕೆ ಸೇರಿದೆ. ಹೆಸರು ಉಳಿದು ನಾದ ಬದಲಾಗಿದೆ. ಅವನು ರಾಗಗಳಲ್ಲೆಲ್ಲ ಶ್ರೇಷ್ಠವೆಂದು ಹೊಗಳಿದ ಮಾಳವಗೌಳವು ಇಂದಿನ ಮಾಯಾಮಾಳವಗೌಳ. ಇಲ್ಲಿ ಹೆಸರು ಕೊಂಚ ಬದಲಾಗಿ ಸ್ವರಗಳು ಉಳಿದಿವೆ. ಹಂಪಿಯಲ್ಲಿ ಬಾಳಿ ೧೫೬೪ರಲ್ಲಿ ಕಾಲವಾದ ಪುರಂದರದಾಸರು ಆರಂಭಪಾಠಗಳಿಗೆ ಇದೇ ರಾಗವನ್ನು ಆರಿಸಿದರೆಂದು ಪರಂಪರೆಯು ನಂಬುತ್ತದೆ. ಆಸ್ಥಾನದ ಶಾಸ್ತ್ರಕಾರನೂ ಹೊಳೆಯ ದಡದ ಹರಿದಾಸರೂ ಒಂದೇ ರಾಗವನ್ನು ಮೊದಲ ಸ್ಥಾನದಲ್ಲಿ ಇರಿಸಿದ್ದು, ಆ ನಗರದ ಕಿವಿ ಯಾವ ಕಡೆಗೆ ಒಲಿದಿತ್ತೆಂಬುದನ್ನು ಸೂಚಿಸುತ್ತದೆ.

ಈ ವಿಚಾರದಿಂದ ಇತಿಹಾಸದ ವಿದ್ಯಾರ್ಥಿಯು ಗ್ರಹಿಸಬೇಕಾದುದು ಇಷ್ಟು. ವಿಜಯನಗರವು ಸಂಗೀತವನ್ನು ಕಾಪಾಡಿತೆಂಬ ಮಾತನ್ನು ಒಪ್ಪಬಹುದು. ಆದರೆ ಕಾಪಾಡಿದುದು ಹಳೆಯ ಗ್ರಂಥದಲ್ಲಿದ್ದಂತೆ ಅಲ್ಲ. ಶಾಸ್ತ್ರವನ್ನು ಬಳಕೆಗೆ ಎದುರಾಗಿ ನಿಲ್ಲಿಸಿ, ಬಳಕೆಯ ಪಕ್ಷಕ್ಕೆ ತೀರ್ಪುಕೊಟ್ಟು, ಆ ತೀರ್ಪನ್ನು ಬರೆದಿಟ್ಟುದರಿಂದ ಅದು ಉಳಿಯಿತು. ಅಣ್ಣಾಮಲೈ ವಿಶ್ವವಿದ್ಯಾನಿಲಯವು ೧೯೩೨ರಲ್ಲಿ ಸ್ವರಮೇಳಕಲಾನಿಧಿಯನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಸಂಗೀತಶಾಸ್ತ್ರಜ್ಞರು ಅದನ್ನು ಸಾಕಷ್ಟು ಓದಿದ್ದಾರೆ. ಶಾಸನಗಳನ್ನೂ ಪ್ರವಾಸಿಗಳ ವರ್ಣನೆಗಳನ್ನೂ ಓದುವಷ್ಟೇ ಶ್ರದ್ಧೆಯಿಂದ ಇತಿಹಾಸದ ತರಗತಿಗಳಲ್ಲಿಯೂ ಅದನ್ನು ಓದತಕ್ಕದ್ದು. ರಾಮರಾಯನ ಕಾಲವನ್ನು ಯುದ್ಧ ಮತ್ತು ರಾಜಕಾರಣಗಳಿಂದ ಮಾತ್ರ ಅಳೆಯುವ ನಮ್ಮ ಪಾಠಗಳಲ್ಲಿ, ಅದೇ ಕಾಲದ ಒಂದು ಸಭೆಯು ತನ್ನ ಸಂಗೀತ ಬದಲಾಗಿದೆಯೆಂದು ಅಂಜದೆ ಒಪ್ಪಿ, ಆ ಬದಲಾವಣೆಗೆ ನಿಯಮವನ್ನು ಹುಡುಕಿತೆಂಬ ಸಂಗತಿಗೂ ಒಂದು ಸ್ಥಾನವಿರಬೇಕು.